ಬಾರ್ಕೂರು ನೋಡಲು ಬರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿನಲ್ಲಿ, ಸೀತಾನದಿಯ ಬದಿಯಲ್ಲಿರುವ ಬಾರ್ಕೂರು ಒಂದು ಕಾಲಕ್ಕೆ ತುಳುನಾಡಿನ ರಾಜಧಾನಿಯಾಗಿತ್ತು. ಇಂದು ಅದು ಗದ್ದೆ, ತೋಟ, ದೇವಸ್ಥಾನ ಮತ್ತು ಹೆಂಚಿನ ಮನೆಗಳ ನಡುವೆ ಕೋಟೆ, ಬಸದಿ, ಕೆರೆಗಳ ಅವಶೇಷಗಳನ್ನು ಇಟ್ಟುಕೊಂಡಿರುವ ಶಾಂತವಾದ ಹಳ್ಳಿ. ಉಡುಪಿಗೆ ಬಂದವರು ಕೃಷ್ಣಮಠ ಮತ್ತು ಮಲ್ಪೆಯ ಕಡಲತೀರ ನೋಡಿ ಹಿಂತಿರುಗುವುದೇ ಹೆಚ್ಚು. ಇತ್ತೀಚೆಗೆ ಬಾರ್ಕೂರಿನ ಬಗ್ಗೆಯೂ ವಿಚಾರಿಸುವವರು ಇದ್ದಾರೆ. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಲ್ಲಿಯ ಅವಶೇಷಗಳು ಬೇಲಿ ಹಾಕಿದ ಮೈದಾನದಲ್ಲಿಲ್ಲ, ಜನ ವಾಸಿಸುವ ಕೇರಿಗಳಲ್ಲಿವೆ. ಆದ್ದರಿಂದ ನೆಂಟರ ಮನೆಗೆ ಬಂದವರ ನಡವಳಿಕೆಯಿಂದ ಬಂದವರಿಗೆ ಮಾತ್ರ ಈ ಊರು ಪೂರ್ತಿಯಾಗಿ ಕಾಣಿಸುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಾರ್ಕೂರಿಗೆ ಹೇಗೆ ಬರಬೇಕು?

ಉಡುಪಿಯಿಂದ ಕುಂದಾಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದವರೆಗೆ ಬಂದು, ಅಲ್ಲಿಂದ ಬಾರ್ಕೂರು ರಸ್ತೆಗೆ ತಿರುಗಿಕೊಳ್ಳಬೇಕು. ಉಡುಪಿಯಿಂದ ಒಟ್ಟು ಸುಮಾರು 16 ಕಿ.ಮೀ., ಮಂಗಳೂರಿನಿಂದ ಸುಮಾರು 75 ಕಿ.ಮೀ. ದಾರಿ. ಕೊಂಕಣ ರೈಲ್ವೆಯಲ್ಲಿ ಬಾರ್ಕೂರಿನ ಹೆಸರಿನಲ್ಲಿಯೇ ಒಂದು ನಿಲ್ದಾಣವಿದೆ, ಆದರೆ ದೂರದ ಗಾಡಿಗಳು ಅಲ್ಲಿ ನಿಲ್ಲುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಂಗಳೂರು, ಮುಂಬಯಿ ಕಡೆಯಿಂದ ಬರುವವರು ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯುವುದು ಸುಲಭ. ಊರಿನೊಳಗೆ ಮಾತ್ರ ಕಾರು ಬಿಟ್ಟು ನಡೆಯಬೇಕು. ಕೇರಿಯಿಂದ ಕೇರಿಗೆ ಹೋಗುವ ಓಣಿಗಳಲ್ಲಿ ಅನೇಕವು ಎರಡು ಬದಿ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಧರೆಯಿರುವ ಇಕ್ಕಟ್ಟಿನ ದಾರಿಗಳು. ಎದುರಿನಿಂದ ಒಂದು ರಿಕ್ಷಾ ಬಂದರೂ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕಾಗುತ್ತದೆ.

ಇದು ಹಂಪಿಯಂಥ ಸ್ಥಳವೇ?

ಅಲ್ಲ, ಮತ್ತು ಹಾಗೆಂದುಕೊಂಡು ಬಂದವರಿಗೆ ನಿರಾಶೆಯಾಗುತ್ತದೆ. ಹಂಪಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಕಲ್ಲು ಕಟ್ಟಡಗಳು ಕಾಣುತ್ತವೆ. ಬಾರ್ಕೂರಿನಲ್ಲಿ ಅವಶೇಷಗಳನ್ನು ಹುಡುಕಿಕೊಳ್ಳಬೇಕು. ಊರು ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಹೊಸಕೇರಿ ಮುಂತಾದ ಕೇರಿಗಳಾಗಿ ಹಂಚಿಹೋಗಿದೆ. ಹಳೆಯ ನಗರದ ವಿಂಗಡಣೆ ಈ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಅಂಚೆ ವಿಳಾಸದಲ್ಲಿಯೂ ಜನರ ಮಾತಿನಲ್ಲಿಯೂ ಅವೇ ಹೆಸರುಗಳು. ಕೇರಿಯ ಹೆಸರು ಹೇಳಿ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ‘ಸ್ಮಾರಕ ಎಲ್ಲಿದೆ’ ಎಂದು ಕೇಳಿದರೆ ಹೇಳುವವರು ತಡವರಿಸುತ್ತಾರೆ.

ಕೋಟೆಕೇರಿಯಲ್ಲಿ ವಿಜಯನಗರದ ಆರಂಭದ ಕಾಲಕ್ಕೆ ಸೇರಿದ್ದೆಂದು ಹೇಳಲಾಗುವ ಕೋಟೆಯ ನೆಲೆಯಿದೆ. ಎತ್ತರದ ಗೋಡೆ, ಬುರುಜುಗಳನ್ನು ಅಲ್ಲಿ ನಿರೀಕ್ಷಿಸಬಾರದು. ಗಿಡಗಂಟಿಗಳ ನಡುವೆ ಕಂದಕದ ತಗ್ಗು, ಕಟ್ಟಡಗಳ ತಳಪಾಯ ಮತ್ತು ನೀರಿನ ಆಸರೆಗಳ ಕುರುಹುಗಳು ಕಾಣುತ್ತವೆ. ಅದೇ ಕೇರಿಯ ಪಂಚಲಿಂಗೇಶ್ವರ ದೇವಸ್ಥಾನ ಊರಿನ ಅತಿ ಹಳೆಯ ದೇವಾಲಯಗಳಲ್ಲಿ ಒಂದು. ಅಲ್ಲಿ ನಿತ್ಯ ಪೂಜೆ ನಡೆಯುತ್ತದೆ. ಅದನ್ನು ಅವಶೇಷವೆಂದು ಕರೆಯುವುದು ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ಬಾರ್ಕೂರಿನ ನಿಜವಾದ ಹಿರಿಮೆ ಇರುವುದು ಇಲ್ಲಿಯೇ: ಪಾಳುಬಿದ್ದ ಕೋಟೆಯೂ ದೀಪ ಉರಿಯುತ್ತಿರುವ ಗರ್ಭಗುಡಿಯೂ ಕೂಗಳತೆಯ ದೂರದಲ್ಲಿವೆ, ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು.

ಕತ್ತಲೆ ಬಸದಿಯಲ್ಲಿ ಏನನ್ನು ಗಮನಿಸಬೇಕು?

ಇದು ಊರಿನ ಹಳೆಯ ಜೈನ ಬಸದಿ. ಮೊದಲು ಅದರ ಮಾಡನ್ನು, ಅಂದರೆ ಛಾವಣಿಯನ್ನು, ನೋಡಬೇಕು. ಕರಾವಳಿಯ ಶಿಲ್ಪಿಗಳು ಹುಲ್ಲು ಮತ್ತು ಹೆಂಚಿನ ಮನೆಗಳ ಇಳಿಜಾರು ಮಾಡನ್ನು ಕಲ್ಲಿನಲ್ಲಿಯೇ ಕಟ್ಟಿದರು. ಉದ್ದನೆಯ ಚಪ್ಪಡಿಗಳನ್ನು ಓರೆಯಾಗಿ ಹೊದಿಸಿ, ಎರಡು ಚಪ್ಪಡಿ ಕೂಡುವಲ್ಲಿ ನೀರು ಒಳಗಿಳಿಯದಂತೆ ಮೇಲೊಂದು ಕಲ್ಲಿನ ಪಟ್ಟಿ ಇಡುವ ಈ ಕ್ರಮವನ್ನು ಮೂಡುಬಿದಿರೆ, ಭಟ್ಕಳಗಳ ಹಳೆಯ ಕಟ್ಟಡಗಳಲ್ಲಿಯೂ ಕಾಣಬಹುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಚಪ್ಪಟೆ ಮಾಡು ನಿಲ್ಲುವುದಿಲ್ಲ ಎಂಬ ಅನುಭವ ಇಲ್ಲಿ ಕಲ್ಲಿನಲ್ಲಿ ಕಾಣುತ್ತದೆ.

ಅನಂತರ ಕಂಬಗಳನ್ನೂ ಶಾಸನದ ಕಲ್ಲುಗಳನ್ನೂ ನೋಡಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ತಗ್ಗಿನಲ್ಲಿ ನೆರಳು ಕೂಡಿ ಸಾಲುಗಳು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ಕಲ್ಲು ಬರಿಯ ಒರಟು ಹಲಗೆಯಂತೆ ಕಾಣುತ್ತದೆ. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ, ಎಣ್ಣೆ, ಕುಂಕುಮ ಅಥವಾ ಸೀಮೆಸುಣ್ಣ ಹಚ್ಚುವುದನ್ನು ದಯವಿಟ್ಟು ಮಾಡಬಾರದು. ಒಮ್ಮೆ ಎಣ್ಣೆ ಕುಡಿದ ಕಲ್ಲಿನ ಮೇಲೆ ಧೂಳು, ಪಾಚಿ ಅಂಟಿಕೊಂಡು, ಓದಬಲ್ಲವರು ಬಂದಾಗ ಓದಲು ಏನೂ ಉಳಿಯದ ಸ್ಥಿತಿ ಬರುತ್ತದೆ. ಕೈದೀಪವನ್ನು ಕಲ್ಲಿನ ಒಂದು ಅಂಚಿನಿಂದ ಓರೆಯಾಗಿ ಹಿಡಿದರೆ ಸಾಕು.

ಬಾರ್ಕೂರು ಯಾರ ರಾಜಧಾನಿಯಾಗಿತ್ತು?

ಆಳುಪರದು. ಹಲ್ಮಿಡಿ ಶಾಸನದಲ್ಲಿಯೇ ಹೆಸರು ಕಾಣಿಸುವ ಈ ರಾಜಮನೆತನ ಕರಾವಳಿಯನ್ನು ಶತಮಾನಗಳ ಕಾಲ ಆಳಿತು. ಅವರ ರಾಜಧಾನಿ ಮಂಗಳೂರು, ಉದ್ಯಾವರ, ಬಾರಕೂರುಗಳ ನಡುವೆ ಬದಲಾಗುತ್ತ ಬಂತು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ 14ನೆಯ ಶತಮಾನದಲ್ಲಿ ಬಾರಕೂರಿನಿಂದ ಆಳಿದ್ದು ಶಾಸನಗಳಿಂದ ತಿಳಿಯುತ್ತದೆ. ವಿಜಯನಗರದ ಅರಸರು ಕರಾವಳಿಯ ಈ ಭಾಗವನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ, ತಮ್ಮ ಅಧಿಕಾರಿಗಳನ್ನು ಇಲ್ಲಿ ನೇಮಿಸುತ್ತಿದ್ದರು. ‘ಬಾರಕೂರು ಗದ್ಯಾಣ’ ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಒಂದು ನಾಣ್ಯಕ್ಕೆ ಊರಿನ ಹೆಸರು ಅಂಟಿಕೊಳ್ಳಬೇಕಾದರೆ ಅಲ್ಲಿಯ ಪೇಟೆ ಎಷ್ಟು ದೊಡ್ಡದಿದ್ದಿರಬೇಕು ಎಂದು ಊಹಿಸಿಕೊಳ್ಳಬಹುದು.

ಅದೇ 14ನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ‘ಫಾಕನೂರ್’ ಎಂದು ಕರೆದ ಊರು ಬಾರಕೂರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಹಿನ್ನೀರಿನ ದಂಡೆಯ ದೊಡ್ಡ ಪಟ್ಟಣವೆಂದು ಅವನು ಅದನ್ನು ವರ್ಣಿಸುತ್ತಾನೆ, ಮತ್ತು ಅಲ್ಲಿಯ ಕಬ್ಬಿಗೆ ಸಾಟಿಯಿಲ್ಲವೆಂದು ಬರೆಯುತ್ತಾನೆ. ರಾಜಧಾನಿಯಾಗಿದ್ದ ಕಾಲದಲ್ಲಿಯೂ ಬಾರ್ಕೂರಿನ ಸುತ್ತಲಿನ ಬೆಳೆ ಬಂದವರ ಕಣ್ಣಿಗೆ ಬೀಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಪಕ್ಕದ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದ್ದದ್ದನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ.

ಅಷ್ಟು ದೊಡ್ಡ ನಗರ ಏನಾಯಿತು?

ಒಂದೇ ದಿನದಲ್ಲಿ ನಾಶವಾದ ನಗರ ಇದಲ್ಲ. 1565ರ ಅನಂತರ ವಿಜಯನಗರದ ಹಿಡಿತ ಸಡಿಲಗೊಂಡಿತು, ಕರಾವಳಿ ಕೆಳದಿಯ ನಾಯಕರ ಕೈಗೆ ಬಂತು, ಅಧಿಕಾರದ ಕೇಂದ್ರ ಘಟ್ಟದ ಮೇಲೆ ಉಳಿಯಿತು. ಅಕ್ಕಿಯ ವ್ಯಾಪಾರದಲ್ಲಿ ಬಸರೂರಿನಂಥ ಬಂದರುಗಳು ಮುಂದೆ ಬಂದವು. ಅರಸರೂ ವರ್ತಕರೂ ಹೋದ ಮೇಲೆ ಉಳಿದವರು ಒಕ್ಕಲುಗಳು.

ಇನ್ನೊಂದು ಕಾರಣ ಕಟ್ಟಡದ ವಸ್ತುವಿನಲ್ಲಿದೆ. ಇಲ್ಲಿಯ ಅರಮನೆ, ಮನೆ, ಅಂಗಡಿಗಳು ಮುರಕಲ್ಲಿನ ತಳದ ಮೇಲೆ ಮರ ಮತ್ತು ಮಣ್ಣಿನಿಂದ ನಿಂತಿದ್ದಂಥವು. ನೋಡಿಕೊಳ್ಳುವವರಿಲ್ಲದ ಮನೆಯ ಮಾಡಿಗೆ ಕೆಲವು ಮಳೆಗಾಲಗಳೇ ಸಾಕು. ಮಾಡು ಹೋದರೆ ಮಣ್ಣಿನ ಗೋಡೆ ಕರಗುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಉಳಿದ ಮುರಕಲ್ಲು ಹೊಸ ಮನೆ, ಬಾವಿ, ಕಟ್ಟೆಗಳಿಗೆ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಗಟ್ಟಿ ಶಿಲೆಯಲ್ಲಿ ಕಟ್ಟಿದ್ದು ಮಾತ್ರ ನಿಂತಿತು, ಉಳಿದ ನಗರ ತೋಟದ ಬುಡಕ್ಕೆ ಹೋಯಿತು.

ಭೂತಾಳಪಾಂಡ್ಯನ ಕಥೆ ನಿಜವೇ? 365 ದೇವಸ್ಥಾನಗಳು ಇದ್ದವೇ?

ಭೂತಾಳಪಾಂಡ್ಯನದು ಐತಿಹ್ಯ. ಅರಸ ದೇವಪಾಂಡ್ಯನ ಹಡಗು ನೀರಿಗಿಳಿಯಲು ಕುಂಡೋದರನೆಂಬ ಭೂತ ನರಬಲಿ ಕೇಳಿತು, ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಭೂತ ಆ ಹುಡುಗನನ್ನು ಉಳಿಸಿ ಹರಸಿತು, ಅವನೇ ಭೂತಾಳಪಾಂಡ್ಯನಾದ, ಅಂದಿನಿಂದ ಆಸ್ತಿ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಸಲ್ಲುವ ಕಟ್ಟು ಬಂತು ಎಂದು ಅದು ಹೇಳುತ್ತದೆ. ಕಥೆಗೆ ಶಾಸನದ ಆಧಾರವನ್ನು ಕೇಳುವ ಅಗತ್ಯವಿಲ್ಲ. ಅಳಿಯಸಂತಾನವೆಂಬ ವ್ಯವಸ್ಥೆಯಂತೂ ಇಲ್ಲಿಯ ಜನರ ಬದುಕಿನಲ್ಲಿ ನಿಜವಾಗಿತ್ತು, 1949ರಲ್ಲಿ ಅದಕ್ಕೆಂದೇ ಮದರಾಸು ಸರಕಾರದ ಕಾಯ್ದೆ ಬಂತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅನಂತರ ಆ ಪದ್ಧತಿ ಹಿಂದೆ ಸರಿಯಿತು. ತರವಾಡು ಮನೆಗಳ, ಅಂದರೆ ಕುಟುಂಬದ ಮೂಲಮನೆಗಳ, ಹಿರಿಯರ ಬಳಿ ಕುಳಿತರೆ ಇದರ ಬಗ್ಗೆ ಪುಸ್ತಕದಲ್ಲಿ ಸಿಗದಷ್ಟು ವಿಷಯ ಕೇಳಬಹುದು.

ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು ಎಂಬುದು ಊರಿನವರು ಅಭಿಮಾನದಿಂದ ಹೇಳುವ ಮಾತು. ಎಣಿಸಲು ಹೋಗುವುದಕ್ಕಿಂತ ಇರುವುದನ್ನು ನೋಡುವುದು ಒಳ್ಳೆಯದು.

ಪ್ರವೇಶ ಶುಲ್ಕ, ಮಾರ್ಗದರ್ಶಿ ಇದ್ದಾರೆಯೇ?

ಊರು ನೋಡಲು ಟಿಕೆಟ್ ಇಲ್ಲ. ಹಂಪಿ, ಬೇಲೂರುಗಳಲ್ಲಿರುವಂತೆ ಮಾರ್ಗದರ್ಶಿಗಳು ಕಾದು ನಿಂತಿರುವುದಿಲ್ಲ. ದೇವಸ್ಥಾನದ ಅರ್ಚಕರು, ಶಾಲೆಯ ಮೇಷ್ಟ್ರು, ಅಂಗಡಿಯವರು ಇವರೇ ಮಾರ್ಗದರ್ಶಿಗಳು, ಮತ್ತು ಅವರಿಗೆ ಬೇರೆ ಕೆಲಸ ಇರುತ್ತದೆ ಎಂಬುದು ನೆನಪಿರಬೇಕು.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಳೆ ನಿಂತು ಗದ್ದೆಯ ಹಸಿರು ಇನ್ನೂ ಉಳಿದಿರುತ್ತದೆ, ಸೆಕೆ ಕಡಿಮೆ. ಮಾರ್ಚ್ ಅನಂತರ ಹತ್ತು ಗಂಟೆಯ ಮೇಲೆ ಬಿಸಿಲಿನಲ್ಲಿ ನಡೆಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಕೊಡೆಯ ಜೊತೆಗೆ ಗಟ್ಟಿ ಹಿಡಿತದ ಚಪ್ಪಲಿಯನ್ನೂ ತರಬೇಕು. ಮುರಕಲ್ಲಿನ ಮೆಟ್ಟಿಲಿನ ಮೇಲೆ ಪಾಚಿ ಹಬ್ಬಿದರೆ ಹುಟ್ಟಿ ಬೆಳೆದವರೂ ಜಾರುತ್ತಾರೆ. ಕೋಟೆಯ ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯುವುದರಿಂದ ಮಳೆಗಾಲದಲ್ಲಿ ತಳಪಾಯಗಳು ಕಾಣುವುದೂ ಇಲ್ಲ, ಹಾವಿನ ಭಯವೂ ಇದೆ. ಆದರೂ ಆಟಿ ತಿಂಗಳ (ಜುಲೈ-ಆಗಸ್ಟ್) ಬಾರ್ಕೂರನ್ನು ಒಮ್ಮೆ ನೋಡಿದವರು, ಅವಶೇಷಗಳಿಗಾಗಿ ಅಲ್ಲದಿದ್ದರೂ, ನಾಟಿಯಾದ ಗದ್ದೆಗಳಿಗಾಗಿ ಮತ್ತೆ ಬರುತ್ತಾರೆ.

ತೋಟಗಳ ಒಳಗೆ ಹೋಗಬಹುದೇ?

ಇಲ್ಲಿಯ ತೋಟಗಳು ಉದ್ಯಾನಗಳಲ್ಲ, ಜೀವನೋಪಾಯ. ತೆಂಗು, ಅಡಿಕೆ, ಅದರ ಮೈಗೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಬದಿಯಲ್ಲಿ ಹಲಸು ಮಾವು, ಒಂದು ಬಾವಿ ಅಥವಾ ಕೆರೆ, ನೀರು ಹರಿಯುವ ತೋಡು, ಇವಿಷ್ಟು ಸೇರಿ ಒಂದು ತೋಟ. ಗೇಟಿಲ್ಲದಿದ್ದರೂ, ಬೇಲಿಯಲ್ಲಿ ದಾರಿ ಕಂಡರೂ, ಅದು ಒಬ್ಬರ ಮನೆಯ ಭಾಗವೇ. ಅಂಗಳದ ಆಚೆ ನಿಂತು ‘ಅಮ್ಮಾ, ತೋಟ ಸ್ವಲ್ಪ ನೋಡಬಹುದಾ?’ ಎಂದು ಕೇಳಿದರೆ ಬೇಡವೆನ್ನುವವರು ಬಹಳ ಕಡಿಮೆ. ಹೆಚ್ಚಿನ ಮನೆಗಳಲ್ಲಿ ಮೊದಲು ನೀರು ಬೆಲ್ಲವೋ ಮಜ್ಜಿಗೆಯೋ ಬರುತ್ತದೆ, ಆಮೇಲೆ ಮಾತು. ಕೇಳದೆ ನುಗ್ಗಿದವರಿಗೆ ನಾಯಿ ಬರುತ್ತದೆ.

ಎರಡು ಎಚ್ಚರಿಕೆಗಳಿವೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಸಿಂಪಡಣೆಯ ದಿನ ತೋಟಕ್ಕೆ ಹೋಗಬಾರದು. ಕಣ್ಣಿಗೆ ಬಿದ್ದರೆ ಉರಿ, ಬಟ್ಟೆಗೆ ಬಿದ್ದರೆ ನೀಲಿ ಕಲೆ ಹೋಗುವುದಿಲ್ಲ. ಎರಡನೆಯದು ಅಂಗಳದ ವಿಷಯ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಒಂದೂವರೆ ತಿಂಗಳಷ್ಟು ಕಾಲ ಬಿಸಿಲಿಗೆ ಒಣಗಿಸಿ ಚಾಲಿ ಅಡಿಕೆ ಮಾಡುತ್ತಾರೆ. ಚಳಿಗಾಲದಲ್ಲಿ ಬಂದಾಗ ಅಂಗಳದ ತುಂಬ ಹರಡಿರುವ ಕಿತ್ತಳೆ ಬಣ್ಣದ, ದಿನ ಕಳೆದಂತೆ ಕಂದಾಗುವ ಅಡಿಕೆಯ ಮೇಲೆ ಕಾಲಿಡಬಾರದು, ಅದರ ನಡುವೆ ವಾಹನ ತಿರುಗಿಸುವುದಂತೂ ಕೂಡದು. ಒಂದು ಮನೆಯ ವರ್ಷದ ಆದಾಯ ಅಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಗಿಡಗಳ ಬಗ್ಗೆ ಆಸಕ್ತಿ ಇರುವವರು ಬೇರೇನು ನೋಡಬಹುದು?

ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿಯೇ. ಕರಾವಳಿಯ ನೆರೆ ಬೀಳುವ ಗದ್ದೆಗಳಿಗೆ ಒಗ್ಗುವ ‘ಸಹ್ಯಾದ್ರಿ ಪಂಚಮುಖಿ’ ಕೆಂಪಕ್ಕಿಯ ಭತ್ತದ ತಳಿ ಬಂದದ್ದು ಇಲ್ಲಿಂದ. ಕೆಲಸದ ದಿನಗಳಲ್ಲಿ ಕಚೇರಿಯಲ್ಲಿ ವಿಚಾರಿಸಿ ಒಳಗೆ ಹೋಗಬೇಕು.

ಇನ್ನೂ ದಕ್ಷಿಣಕ್ಕೆ, ಉಡುಪಿಯನ್ನು ದಾಟಿ ಕಟಪಾಡಿಯ ಕಡೆಗೆ ಹೋದರೆ ಎರಡು ಬೆಳೆಗಳಿವೆ, ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಒಂದು ಶಂಕರಪುರದ ಮಲ್ಲಿಗೆ, ಅಂದರೆ ಉಡುಪಿ ಮಲ್ಲಿಗೆ. ಅಲ್ಲಿ ಮಲ್ಲಿಗೆ ತೋಟವೆಂದರೆ ಎಕರೆಗಟ್ಟಲೆ ಭೂಮಿಯಲ್ಲ. ಮನೆಯ ಹಿಂದಿನ ಹಿತ್ತಿಲಿನ ಗಿಡಗಳು ಎಷ್ಟೋ ಕುಟುಂಬಗಳಲ್ಲಿ ಮಕ್ಕಳ ಶಾಲೆಯ ಖರ್ಚನ್ನು ನಡೆಸಿವೆ. ಬೆಳಗಾಗುತ್ತಲೇ ಅರಳದ ಮೊಗ್ಗುಗಳನ್ನು ಕೊಯ್ದು, ಮನೆಯ ಹೆಂಗಸರು ಚಾವಡಿಯಲ್ಲಿ ಕುಳಿತು, ಒದ್ದೆ ಮಾಡಿದ ಬಾಳೆಯ ನಾರಿನಿಂದ ಕಟ್ಟುತ್ತಾರೆ. ನಾರನ್ನು ಬೆರಳಿಗೆ ಸುತ್ತಿಕೊಂಡು ಮೊಗ್ಗುಗಳನ್ನು ಎದುರುಬದುರಾಗಿ ಇಟ್ಟು ಗಂಟು ಹಾಕುವ ವೇಗವನ್ನು ಕಣ್ಣು ಹಿಂಬಾಲಿಸುವುದು ಕಷ್ಟ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನವೂ ಅಟ್ಟೆಯ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಮದುವೆ ಮತ್ತು ಜಾತ್ರೆಯ ದಿನಗಳಲ್ಲಿ ಏರುವ ದರ ಮಳೆಗಾಲದಲ್ಲಿ ಹೂವಿಲ್ಲದೆಯೂ ಏರುತ್ತದೆ.

ಇನ್ನೊಂದು ಮಟ್ಟುಗುಳ್ಳ. ಕಡಲಿಗೂ ಹೊಳೆಗೂ ನಡುವಿನ ಮಟ್ಟು ಗ್ರಾಮದಲ್ಲಿ ಭತ್ತದ ಕೊಯ್ಲಿನ ಅನಂತರ ಬೆಳೆಯುವ, ತಿಳಿಹಸಿರಿನ ಮೇಲೆ ಬಿಳಿ ಗೆರೆಗಳಿರುವ ದುಂಡು ಬದನೆ. ಸೋದೆ ಮಠದ ವಾದಿರಾಜರ ಹೆಸರಿನೊಂದಿಗೆ ಅದರ ಕಥೆ ಬೆಸೆದಿದೆ, ಕೃಷ್ಣಮಠಕ್ಕೆ ಬೆಳೆಯ ಮೊದಲ ಪಾಲನ್ನು ಒಪ್ಪಿಸುವ ರೂಢಿಯೂ ಇದೆ.

ನಾಗಬನ, ದೈವಸ್ಥಾನ, ಗರಡಿಗಳ ಬಳಿ ಹೇಗಿರಬೇಕು?

ಇಲ್ಲಿ ಗರಡಿಯೆಂದರೆ ವೀರಪುರುಷರನ್ನು ಆರಾಧಿಸುವ ಗುಡಿ. ಇವೆಲ್ಲವನ್ನೂ ದೂರದಿಂದ ನೋಡಿ ಕೈಮುಗಿಯುವುದು ಸರಿ. ನಾಗಬನದೊಳಗೆ ಹೆಜ್ಜೆ ಇಡಬಾರದು, ಒಂದು ಕಡ್ಡಿಯನ್ನೂ ಮುರಿಯಬಾರದು. ನಾಗನ ಕಲ್ಲುಗಳು ಎಷ್ಟೇ ಹಳೆಯವಾಗಿ, ಪಾಳುಬಿದ್ದಂತೆ ಕಂಡರೂ, ಯಾವುದೋ ಒಂದು ಕುಟುಂಬ ನಾಗರಪಂಚಮಿಯಂದು ಅಲ್ಲಿ ತನು (ಹಾಲು, ಎಳನೀರು) ಎರೆಯುತ್ತಿರುತ್ತದೆ. ದೇವಸ್ಥಾನಗಳಲ್ಲಿ ಪಾದರಕ್ಷೆ ಹೊರಗೆ, ಗಂಡಸರು ಅಂಗಿ ತೆಗೆಯುವ ಕ್ರಮವಿದ್ದಲ್ಲಿ ಅದರಂತೆ. ಮಧ್ಯಾಹ್ನದ ಪೂಜೆಯ ಅನಂತರ ಬಾಗಿಲು ಹಾಕಿದರೆ ಸಂಜೆಯವರೆಗೆ ತೆರೆಯುವುದಿಲ್ಲ. ದೈವಗಳ ಆರಾಧನೆಯಾದ ನೇಮ, ಕೋಲ ನಡೆಯುವ ಕಾಲದಲ್ಲಿ ಬಂದವರು ಕುಳಿತು ನೋಡಬಹುದು, ಆದರೆ ದೈವದ ಮುಖಕ್ಕೆ ಮೊಬೈಲ್ ಹಿಡಿದು ಹತ್ತಿರ ಹೋಗುವುದು ಊರಿನವರಿಗೆ ನೋವು ತರುತ್ತದೆ.

ಹಳೆಯ ನಾಣ್ಯ, ಕಲ್ಲಿನ ತುಂಡು ಸಿಕ್ಕಿದರೆ?

ಇದ್ದಲ್ಲಿಯೇ ಬಿಟ್ಟು ಗ್ರಾಮ ಪಂಚಾಯತಿಗೆ ಅಥವಾ ತಾಲ್ಲೂಕು ಕಚೇರಿಗೆ ತಿಳಿಸಬೇಕು. 1958ರ ಕೇಂದ್ರ ಕಾಯ್ದೆ ಮತ್ತು 1961ರ ಕರ್ನಾಟಕದ ಕಾಯ್ದೆ ಪ್ರಾಚೀನ ಸ್ಮಾರಕಗಳನ್ನು ರಕ್ಷಿಸುತ್ತವೆ. ನೆಲದಲ್ಲಿ ಸಿಕ್ಕ ನಿಧಿಗೆ ಬೇರೆಯೇ ಕಾಯ್ದೆಯಿದೆ. ಕಾಯ್ದೆಗಿಂತ ಮುಖ್ಯವಾದ ಮಾತೊಂದಿದೆ: ಮಡಕೆಯ ಚೂರು ಯಾವ ಮಣ್ಣಿನ ಪದರದಲ್ಲಿ, ಯಾವ ಗೋಡೆಯ ಬದಿಯಲ್ಲಿ ಇತ್ತು ಎಂಬುದರಿಂದಲೇ ಅದರ ಕಾಲ ತಿಳಿಯುವುದು. ಎತ್ತಿ ಜೇಬಿಗೆ ಹಾಕಿಕೊಂಡ ಕ್ಷಣದಲ್ಲಿ ಅದು ಬರಿಯ ಚೂರಾಗುತ್ತದೆ. ನಿಧಿಯಾಸೆಗೆ ಹಳೆಯ ಗುಡಿಗಳ ನೆಲ ಅಗೆಯುವವರಿಂದ ನಾಡಿನಾದ್ಯಂತ ಆಗಿರುವ ಹಾನಿ ಸಣ್ಣದಲ್ಲ; ರಾತ್ರಿ ಅನುಮಾನಾಸ್ಪದವಾಗಿ ಯಾರಾದರೂ ಕಂಡರೆ ಪೊಲೀಸರಿಗೆ ಹೇಳುವುದು ಪ್ರವಾಸಿಯ ಕರ್ತವ್ಯವೂ ಹೌದು.

ಊಟ, ವಸತಿಗೆ ಏನು ವ್ಯವಸ್ಥೆ?

ಊರಿನಲ್ಲಿ ಸಣ್ಣ ಹೋಟೆಲುಗಳಿವೆ. ಬೆಳಗ್ಗೆ ಇಡ್ಲಿ, ಬನ್ಸ್, ಸಂಜೆ ಗೋಳಿಬಜೆ. ವಸತಿಗೆ ಬ್ರಹ್ಮಾವರ ಅಥವಾ ಉಡುಪಿಯೇ ಅನುಕೂಲ.

ಇಲ್ಲಿ ಯಾವ ಭಾಷೆ ಮಾತನಾಡುತ್ತಾರೆ?

ತುಳು ಮತ್ತು ಕುಂದಾಪುರ ಕನ್ನಡ ಎರಡೂ ಕೂಡುವ ಸೀಮೆ ಇದು. ಕೊಂಕಣಿಯೂ ಬ್ಯಾರಿಯೂ ಕಿವಿಗೆ ಬೀಳುತ್ತವೆ. ಹೊರಗಿನವರ ಕನ್ನಡಕ್ಕೆ ಎಲ್ಲರೂ ಕನ್ನಡದಲ್ಲಿಯೇ ಉತ್ತರಿಸುತ್ತಾರೆ.

ಒಂದೇ ದಿನ ಇದ್ದರೆ ಯಾವ ಕ್ರಮದಲ್ಲಿ ನೋಡಬೇಕು?

ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಬಾರ್ಕೂರಿನಲ್ಲಿರಬೇಕು. ಓರೆ ಬಿಸಿಲು ಇರುವಾಗಲೇ ಕತ್ತಲೆ ಬಸದಿಯ ಶಾಸನಗಳು, ಅಲ್ಲಿಂದ ನಡೆದು ಕೋಟೆಕೇರಿ, ಬಾಗಿಲು ಹಾಕುವ ಮೊದಲು ಪಂಚಲಿಂಗೇಶ್ವರ, ಅನಂತರ ಚೌಳಿಕೇರಿ, ಮೂಡುಕೇರಿಗಳ ದೇವಸ್ಥಾನಗಳು. ಬಿಸಿಲೇರಿದ ಮೇಲೆ ನೆರಳಿರುವ ತೋಟದ ಓಣಿಗಳಲ್ಲಿ ತಿರುಗಾಡಿ, ಮಧ್ಯಾಹ್ನ ಬ್ರಹ್ಮಾವರದಲ್ಲಿ ಊಟ ಮುಗಿಸಿ ಸಂಶೋಧನಾ ಕೇಂದ್ರಕ್ಕೆ ಹೋಗಬಹುದು. ಸಂಜೆ ಸೀತಾನದಿಯ ದಂಡೆಯ ನೀಲಾವರಕ್ಕೆ ಹೋದರೆ ಮಹಿಷಮರ್ದಿನಿಯ ದೇವಸ್ಥಾನವೂ ಅಲ್ಲಿಯ ಹಳೆಯ ಶಾಸನಗಳೂ ಸಿಗುತ್ತವೆ. ಸೀತೆ ಮತ್ತು ಸ್ವರ್ಣೆ ಕಡಲು ಸೇರುವ ಹಂಗಾರಕಟ್ಟೆಯನ್ನು ಆರಿಸಿಕೊಂಡರೆ, ಹಡಗುಗಳು ಬಾರಕೂರಿನ ಪೇಟೆಯ ಕಡೆಗೆ ಒಳನುಗ್ಗುತ್ತಿದ್ದ ದಾರಿ ಯಾವುದೆಂದು ಕಣ್ಣಾರೆ ಅರ್ಥವಾಗುತ್ತದೆ. ಶಂಕರಪುರವನ್ನು ಅದೇ ದಿನ ತುರುಕಲು ಹೋಗಬಾರದು. ಮೊಗ್ಗು ಕೊಯ್ಯುವುದೂ ಕಟ್ಟುವುದೂ ಬೆಳಗಿನ ಕೆಲಸ, ಆದ್ದರಿಂದ ಉಡುಪಿಯಲ್ಲಿ ತಂಗಿ ಮರುದಿನ ಮುಂಜಾನೆ ಹೋಗುವುದೇ ಸರಿ.